ಯೋಕ್, ಎ-ಕ್ಲ್ಯಾಂಪ್, ಇಂಟ್, ಡಿನ್: ಒಂದು ಹಿತ್ತಾಳೆ ತುಂಡಿಗೆ ಇಷ್ಟೊಂದು ಹೆಸರಾ?

ಅರ್ಧ_ಮುಳುಗಿದವಳು (ಬೆಂಗಳೂರು)

ನಮಸ್ಕಾರ. ಬೈಯೋದಾದ್ರೆ ಪೂರ್ತಿ ಓದಿ ಆಮೇಲೆ ಬೈಯಿರಿ.

ಜರ್ಮನಿಯಿಂದ ವಾಪಸ್ ಬಂದ ಸಹೋದ್ಯೋಗಿಯೊಬ್ಬರ ಹತ್ರ ಸೆಕೆಂಡ್ ಹ್ಯಾಂಡ್ ಸ್ಕೂಬಾ ರೆಗ್ಯುಲೇಟರ್ (ಟ್ಯಾಂಕಿಗೆ ಸಿಕ್ಕಿಸಿ ನೀರೊಳಗೆ ಉಸಿರಾಡೋ ಸಾಧನ) ತಗೊಂಡೆ. "ಡಿನ್ 300" ಅಂತ ಚೀಟಿ ಅಂಟಿಸಿ ಕೊಟ್ರು. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಕರ್ಕೊಂಡು ಹೋಗೋರಿಗೆ ಫೋನ್ ಮಾಡಿದ್ರೆ "ನಮ್ಮ ಟ್ಯಾಂಕೆಲ್ಲ ಯೋಕ್ ಮೇಡಂ, ಅಡಾಪ್ಟರ್ ತನ್ನಿ" ಅಂದ್ರು. ಸರಿ ಅಂತ ಆನ್‌ಲೈನ್‌ನಲ್ಲಿ "ಡಿನ್ ಯೋಕ್ ಅಡಾಪ್ಟರ್" ಅಂತ ಹುಡುಕಿ ತರಿಸಿದೆ. ಬಂದಿದ್ದು ಒಂದು ದಪ್ಪ ಹಿತ್ತಾಳೆ ಬಿಲ್ಲೆ. ಹೊರಗೆ ಥ್ರೆಡ್, ನಡುವೆ ಅಲೆನ್ ಕೀ ತೂರಿಸೋ ತೂತು. ನನ್ನ ರೆಗ್ಯುಲೇಟರಿಗೂ ಥ್ರೆಡ್ ಹೊರಗೇ ಇದೆ. ಎರಡು ಬೋಲ್ಟ್ ಕೈಯಲ್ಲಿ ಹಿಡ್ಕೊಂಡು ನಟ್ ಎಲ್ಲಿ ಅಂತ ಹುಡುಕೋ ಹಾಗಾಯ್ತು.

ವಾಪಸ್ ಕಳಿಸೋಣ ಅಂತ ಇನ್ನೊಂದು ಹುಡುಕಿದ್ರೆ ಒಬ್ಬರು "ಎ-ಕ್ಲ್ಯಾಂಪ್", ಇನ್ನೊಬ್ಬರು "ಇಂಟ್", ಮತ್ತೊಬ್ಬರು "ಇಂಟರ್‌ನ್ಯಾಷನಲ್" ಅಂತ ಹಾಕಿದ್ದಾರೆ. ಇವೆಲ್ಲ ಒಂದೇನಾ, ಬೇರೆ ಬೇರೆನಾ? ಅಮ್ಮ ಬೇರೆ "ರೆಗ್ಯುಲೇಟರ್ ತಗೊಂಡೆ" ಅಂದ್ರೆ ಫ್ಯಾನಿಂದಾ ಗ್ಯಾಸಿಂದಾ ಅಂತ ಕೇಳಿದ್ರು.

ಇಂಟ್_ಮೇನ್ (ಬೆಂಗಳೂರು)

ಕೋಡ್ ಬರೆಯೋ ನನಗೆ ಗೊತ್ತಿರೋ ಇಂಟ್ ಅಂದ್ರೆ ಪೂರ್ಣಾಂಕ. ಅದರ ಹಿಂದೆ ಸೆಮಿಕೋಲನ್ ಹಾಕಿದ್ರೆ ಕೂರುತ್ತೆ.

ನನಗೂ ಉತ್ತರ ಬೇಕು, ಚಾಪೆ ಹಾಕ್ಕೊಂಡು ಕೂತಿದೀನಿ.

ಲೆಸ್ಟರ್_ರಾಯರು (ಇಂಗ್ಲೆಂಡ್)

ತಂಗಿ, ಮೊದಲು ಸಮಾಧಾನದ ಮಾತು. ಯೋಕ್, ಎ-ಕ್ಲ್ಯಾಂಪ್, ಇಂಟ್, ಇಂಟರ್‌ನ್ಯಾಷನಲ್ ನಾಲ್ಕೂ ಒಂದೇ. ಟ್ಯಾಂಕಿನ ವಾಲ್ವಿನ ಮೇಲೆ ಚೌಕಟ್ಟೊಂದನ್ನು ಇಳಿಬಿಟ್ಟು, ಹಿಂದಿನಿಂದ ತಿರುಪು ಬಿಗಿದು ಹಿಡಿಸುವ ಜೋಡಣೆ. ಡಿನ್‌ನಲ್ಲಿ ಚೌಕಟ್ಟಿಲ್ಲ, ರೆಗ್ಯುಲೇಟರಿನ ಥ್ರೆಡ್ಡನ್ನೇ ವಾಲ್ವಿನೊಳಗೆ ತಿರುಗಿಸುವುದು. ಅಮೆರಿಕದವರು ಅದನ್ನು ಯೋಕ್ ಎನ್ನುತ್ತಾರೆ. ಇಲ್ಲಿ ಹಳಬರಾರೂ ಯೋಕ್ ಎನ್ನುವುದಿಲ್ಲ, ಎ-ಕ್ಲ್ಯಾಂಪ್ ಎಂದೇ ರೂಢಿ. ಆ ಚೌಕಟ್ಟು ಇಂಗ್ಲಿಷಿನ ಮೊದಲ ಅಕ್ಷರದಂತೆ ಕಾಣುತ್ತದೆ, ಅಷ್ಟೇ. ಯುರೋಪಿನ ಅಂಗಡಿಗಳ ಪಟ್ಟಿಯಲ್ಲಿ ಇಂಟ್ ಎಂದು ಚುಟುಕಾಗಿ ಬರೆಯುತ್ತಾರೆ.

ನಾನು ಡೈವಿಂಗ್ ಕಲಿತದ್ದು ಇಲ್ಲಿಯ ಸ್ಟೋನಿ ಕೋವ್‌ನಲ್ಲಿ. ಹಳೆಯ ಕಲ್ಲುಕ್ವಾರಿ, ಈಗ ನೀರು ತುಂಬಿದೆ. ನನ್ನ ಗುರು ಮೊದಲ ದಿನವೇ "ನಿನ್ನ ಡಿವಿ ಕೊಡು" ಎಂದರು. ನಾನು ಕೈಚೀಲವೆಲ್ಲ ತಡಕಿದೆ. ಡಿವಿ ಎಂದರೆ ಡಿಮ್ಯಾಂಡ್ ವಾಲ್ವ್, ಬಾಯಿಗೆ ಕಚ್ಚಿಕೊಳ್ಳುವ ಭಾಗ. ಅಮೆರಿಕದ ಪುಸ್ತಕ ಓದಿದವರು ಅದನ್ನೇ ಸೆಕೆಂಡ್ ಸ್ಟೇಜ್ ಎನ್ನುತ್ತಾರೆ. ಟ್ಯಾಂಕ್ ಎಂದರೆ ಇಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ಸಿಲಿಂಡರ್ ಎನ್ನಬೇಕು, ಸಲುಗೆಯಿದ್ದರೆ ಬಾಟಲ್. ಅದರ ಮೇಲಿನ ವಾಲ್ವ್ ಪಿಲ್ಲರ್ ವಾಲ್ವ್. ಗಾಳಿ ಎಷ್ಟು ಉಳಿದಿದೆ ಎಂದು ತೋರಿಸುವುದು ಕಂಟೆಂಟ್ಸ್ ಗೇಜ್. ನೀವು ಎಸ್‌ಪಿಜಿ ಎನ್ನುತ್ತೀರಲ್ಲ, ಅದೇ.

ಅರ್ಧ_ಮುಳುಗಿದವಳು

ಅಯ್ಯೋ ರಾಯರೇ, ಥ್ಯಾಂಕ್ಸ್. ಹಾಗಾದ್ರೆ ನನಗೆ ಬಂದ ಬಿಲ್ಲೆ ಏನು?

ಪೀಣ್ಯ_ಲೇಥ್ (ಬೆಂಗಳೂರು, ಮೂಲ ಹುಬ್ಬಳ್ಳಿ ಕಡೆ)

ಅಕ್ಕಾರ, ನಿಮಗ ಬಂದದ್ದು ಇನ್ಸರ್ಟ್. ಡೋನಟ್ ಅಂತನೂ ಅಂತಾರ. ಅದು ರೆಗ್ಯುಲೇಟರಿಗೆ ಹಾಕೂದಲ್ಲ, ಟ್ಯಾಂಕಿನ ವಾಲ್ವಿನ ಒಳಗ ಹಾಕೂದು. ಡಿನ್ ವಾಲ್ವ್ ಇದ್ದ ಟ್ಯಾಂಕಿಗೆ ಆ ಬಿಲ್ಲೆ ತಿರುವಿದ್ರ ಯೋಕ್ ರೆಗ್ಯುಲೇಟರ್ ಕೂಡ್ತದ. ನಿಮ್ಮ ಕಥಿ ಉಲ್ಟಾ. ನಿಮ್ಮ ರೆಗ್ಯುಲೇಟರ್ ಡಿನ್, ಟ್ಯಾಂಕ್ ಯೋಕ್. ನಿಮಗ ಬೇಕಾದ್ದು ರೆಗ್ಯುಲೇಟರಿನ ಮೂತಿಗೆ ತಿರುವೋ ದೊಡ್ಡ ಚೌಕಟ್ಟು, ಹಿಂದ ಗುಬಟಿ ಇರ್ತದಲ್ಲ, ಅದು.

ಎರಡಕ್ಕೂ "ಡಿನ್ ಅಡಾಪ್ಟರ್" ಅಂತ ಹೆಸರಿಟ್ಟು ಮಾರೋರಿಗೆ ಏನ್ ಅನ್ನಬೇಕ್ರಿ. ಬೀಗಕ್ಕೂ ಕೀಲಿಕೈಗೂ ಒಂದ ಹೆಸರು ಇಟ್ಟಂಗ ಆತು.

ಮ್ಯೂನಿಕ್_ಮೈಸೂರು (ಜರ್ಮನಿ)

ಪೀಣ್ಯದವರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ಆ ಬಿಲ್ಲೆ ಎಲ್ಲ ಡಿನ್ ವಾಲ್ವಿಗೂ ಆಗಲ್ಲ. ಒತ್ತಡದ ಮೇಲೆ (ಅದರ ಅಳತೆ ಬಾರ್) ಡಿನ್‌ನಲ್ಲಿ ಎರಡು ತರ ಇದೆ. 200 ಅಥವಾ 232 ಬಾರ್‌ನದ್ದಕ್ಕೆ ಐದು ಸುತ್ತು ಥ್ರೆಡ್, 300 ಬಾರ್‌ನದ್ದಕ್ಕೆ ಏಳು ಸುತ್ತು, ವಾಲ್ವ್ ಆಳ. ಬಿಲ್ಲೆ ಕೂರೋದು ಮೊದಲನೆಯದಕ್ಕೆ ಮಾತ್ರ, ಅದೂ ಅದಕ್ಕಂತ ಮಾಡಿದ ವಾಲ್ವ್ ಆಗಿದ್ರೆ.

ಆಳ ಬೇಕು ಅಂತಲೇ ಇಟ್ಟಿರೋದು. 200ರ ರೆಗ್ಯುಲೇಟರನ್ನ 300ರ ವಾಲ್ವಿಗೆ ತಿರುಗಿಸಿದ್ರೆ ತುದಿ ತಳ ಮುಟ್ಟಲ್ಲ, ಗಾಳಿ ಬಿಟ್ಟ ತಕ್ಷಣ ಬುಸ್ ಅನ್ನುತ್ತೆ. ಕಡಿಮೆ ಒತ್ತಡದ ಸಾಮಾನು ಹೆಚ್ಚು ಒತ್ತಡದ ಸಿಲಿಂಡರಿಗೆ ಕೂರಬಾರದು ಅನ್ನೋ ಲೆಕ್ಕ. 300ರ ರೆಗ್ಯುಲೇಟರ್ 200ರ ವಾಲ್ವಿಗೆ ಧಾರಾಳವಾಗಿ ಕೂರುತ್ತೆ. ಆದ್ರಿಂದ ಮೇಡಂ, ನಿಮ್ಮ ಸಹೋದ್ಯೋಗಿ ಒಳ್ಳೇದೇ ಕೊಟ್ಟಿದ್ದಾರೆ. "ಡಿನ್" ಅಂತ ಬರೀದೆ "ಡಿನ್ 300" ಅಂತ ಬರೆದಿದ್ದಕ್ಕೆ ಅವರಿಗೊಂದು ಕಾಫಿ ಕೊಡಿಸಿ.

ಯೋಕ್‌ಗೆ ಮಾತ್ರ 232 ಬಾರ್ ಕೊನೆ. ಅದರ ಮೇಲಿನ ಒತ್ತಡಕ್ಕೆ ಅದನ್ನ ಬಳಸೋ ಹಾಗಿಲ್ಲ.

ಹಳೇಕಡಲು (ಮುರುಡೇಶ್ವರ)

ಎಂತ ಮಾರಾಯ್ರೆ ಇಷ್ಟು ದೊಡ್ಡ ಚರ್ಚೆ. ನಮ್ಮ ದೋಣಿಯಲ್ಲಿ ಯೋಕೂ ಇಲ್ಲ, ಡಿನ್ನೂ ಇಲ್ಲ. "ಗುಬಟಿ ಇದ್ದದ್ದು", "ಗುಬಟಿ ಇಲ್ಲದ್ದು", ಎರಡೇ. ಟ್ಯಾಂಕ್ ಹೊರುವ ಹುಡುಗರಿಗೆ ಅಷ್ಟು ಹೇಳಿದ್ರೆ ಸಾಕು, ಒಂದು ದಿವಸವೂ ತಪ್ಪು ತಂದವರಲ್ಲ. ಓ-ರಿಂಗ್ ಅಂದ್ರೆ ವಾಶರ್.

ಪೀಣ್ಯ_ಲೇಥ್

ಹಳೇಕಡಲು ಅವರ ಪದ್ಧತಿನ ಛಲೋ ಅದ.

ನಾನು ಡೈವಿಂಗ್ ಮಾಡಾಂವ ಅಲ್ಲ, ನೀರು ಕಂಡ್ರ ಅಂಜಿಕಿ. ಆದ್ರ ಥ್ರೆಡ್ ನನ್ನ ಅನ್ನ. ಈ ಡಿನ್ ಅನ್ನೋದು ಥ್ರೆಡ್ಡಿನ ಹೆಸರ ಅಲ್ರಿ. ಜರ್ಮನಿಯ ಮಾನಕ ಸಂಸ್ಥೆಯ ಹೆಸರು, ನಮ್ಮ ಐಎಸ್‌ಐ ಮಾರ್ಕ್ ಇದ್ದಂಗ. ಅಂಗಡ್ಯಾಗ "ಒಂದು ಐಎಸ್‌ಐ ಕೊಡ್ರಿ" ಅಂದ್ರ ಹೆಲ್ಮೆಟ್ ಕೊಡ್ತಾನೋ ಇಸ್ತ್ರಿಪೆಟ್ಟಿಗಿ ಕೊಡ್ತಾನೋ?

ಥ್ರೆಡ್ಡಿನ ಖರೇ ಹೆಸರು ಜಿ 5/8. ಹೋದ ವರ್ಷ ಒಬ್ಬ ಹುಡುಗ ಇದರ ಮುಚ್ಚಳ ಮಾಡಿಸ್ಲಿಕ್ಕೆ ನಮ್ಮ ಶೆಡ್ಡಿಗೆ ಬಂದಿದ್ದ. "ಅಣ್ಣಾ, 5/8 ಇಂಚು" ಅಂದ. ಕ್ಯಾಲಿಪರ್ ಹಿಡಿದೆ, 22.9 ಮಿ.ಮೀ. ಬಂತು. 5/8 ಇಂಚು ಅಂದ್ರ 15.9 ಆಗಬೇಕಲ್ಲ! ನಕ್ಕೆ ನಾನು. ಇದು ಪೈಪಿನ ಥ್ರೆಡ್, ಬಿಎಸ್‌ಪಿ. ಪೈಪಿನ ಒಳಗಿನ ತೂತಿನ ಲೆಕ್ಕದಾಗ ಹೆಸರು, ಹೊರಗಿನ ಅಳತಿ ಬ್ಯಾರೆ. ನಲ್ಲಿ ಕೆಲಸದವರು ಅರ್ಧ ಇಂಚಿನ ಜಿಐ ಪೈಪ್ ಅಂತಾರಲ್ಲ, ಅದನ್ನೂ ಅಳೆದು ನೋಡ್ರಿ, ಅರ್ಧ ಇಂಚು ಎಲ್ಲೂ ಸಿಗೂದಿಲ್ಲ.

ಈಗ ಮಜಾ ಕೇಳ್ರಿ. ಬಿಎಸ್‌ಪಿ ಅಂದ್ರ ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್. ಜರ್ಮನ್ನರು ತಮ್ಮ ಡಿನ್‌ಗೆ ಇಂಗ್ಲೆಂಡಿನ ಥ್ರೆಡ್ ತೊಗೊಂಡಾರ. ಇಂಗ್ಲೆಂಡಿನವರು ಅದನ್ನ ಬಿಟ್ಟು ಕ್ಲ್ಯಾಂಪ್ ಹಿಡಕೊಂಡು ಕೂತ್ರು. ಅದ ಫಸ್ಟ್ ಸ್ಟೇಜಿಗೆ, ಅಂದ್ರ ರೆಗ್ಯುಲೇಟರಿನಾಗ ಟ್ಯಾಂಕಿಗೆ ಕೂಡೋ ತುಂಡಿಗೆ, ಹೋಸ್ ಹಾಕೋ ತೂತುಗಳು ನೋಡ್ರಿ: ಲೋ ಪ್ರೆಶರ್ 3/8-24 ಯುಎನ್ಎಫ್, ಹೈ ಪ್ರೆಶರ್ 7/16-20 ಯುಎನ್ಎಫ್. ಅವೆರಡೂ ಅಮೆರಿಕದ್ದು. ಒಂದು ಕಡೆ 55 ಡಿಗ್ರಿ ಹಲ್ಲು, ಇನ್ನೊಂದು ಕಡೆ 60 ಡಿಗ್ರಿ. ಮುಷ್ಟಿಯಷ್ಟು ಹಿತ್ತಾಳಿ ಒಳಗ ಎರಡು ದೇಶ ಜಗಳ ಇಲ್ಲದ ಕೂತಾವ.

ಇಂಟ್_ಮೇನ್

ಡೈವ್ ಮಾಡದೇ ಇರೋರೇ ಇಲ್ಲಿ ಅತಿ ಚೆನ್ನಾಗಿ ಬರೀತಾರೆ. 🙏

ಒಂದು ತಲೆಹರಟೆ ಪ್ರಶ್ನೆ. ಯೋಕ್ ಅಂದ್ರೆ ನೊಗ ತಾನೆ? ಕನ್ನಡದಲ್ಲಿ "ನೊಗ ಜೋಡಣೆ" ಅಂದ್ರೆ ಏನು ತಪ್ಪು?

ಲೆಸ್ಟರ್_ರಾಯರು

ತಪ್ಪೇನಿಲ್ಲ. ಇಂಗ್ಲಿಷಿನ ಆ ಪದವೂ ಸಂಸ್ಕೃತದ ಯುಗವೂ ಒಂದೇ ಬೇರಿನವು. ಯುಗ ಎಂದರೆ ನೊಗ ಎಂಬ ಅರ್ಥ ವೇದದಲ್ಲೇ ಇದೆ.

ಆದರೆ ಯಾರು ಏನನ್ನು ಕಂಡರು ನೋಡಿ. ಅಮೆರಿಕದವರಿಗೆ ಅದು ಎತ್ತಿನ ನೊಗವಾಗಿ ಕಂಡಿತು. ಫ್ರೆಂಚರು ಎತ್ರಿಯೇ ಎನ್ನುತ್ತಾರೆ, ಇಟಲಿಯವರು ಸ್ತಾಫಾ, ಸ್ಪೇನಿನವರು ಎಸ್ತ್ರಿಬೊ. ಮೂರರ ಅರ್ಥವೂ ಕುದುರೆ ಏರುವಾಗ ಕಾಲಿಡುವ ರಿಕಾಪು. ಜರ್ಮನ್ನರ ಬ್ಯೂಗೆಲ್ ಕೂಡ ಆ ಕಡೆಯದೇ. ಬ್ರಿಟಿಷರಿಗೆ ಮಾತ್ರ ಎತ್ತೂ ಕಾಣಲಿಲ್ಲ, ಕುದುರೆಯೂ ಕಾಣಲಿಲ್ಲ, ಅಕ್ಷರ ಕಂಡಿತು. ಮೇಷ್ಟರ ಬುದ್ಧಿ.

1943ರಲ್ಲಿ ಕುಸ್ತೋ ಮತ್ತು ಗಾನ್ಯಾನ್ ಆಕ್ವಾ-ಲಂಗ್ ಎಂಬ ಡೈವಿಂಗ್ ಉಸಿರಾಟದ ಸಾಧನವನ್ನು ರೂಪಿಸಿದ್ದು ಫ್ರಾನ್ಸಿನಲ್ಲಿ. ಹಾಗಾಗಿ ಹಿರಿತನದ ಲೆಕ್ಕದಲ್ಲಿ ರಿಕಾಪಿಗೇ ಮಣೆ ಹಾಕಬೇಕು. ನಮ್ಮ ಹಳೆಯ ಕಾವ್ಯಗಳಲ್ಲಿ ಇದಕ್ಕೆ ಅಂಕವಣೆ ಎಂಬ ಚಂದದ ಪದವಿದೆ.

ಪೀಣ್ಯ_ಲೇಥ್

ರಾಯರ, ಕುದುರಿ ಸರದಾರರಿಗೆ. ನಮಗ ಎತ್ತ ಸಾಕು. ವಾಲ್ವಿನ ಕೊರಳಿಗೆ ಚೌಕಟ್ಟು ಇಳಿಸಿ ಹಿಂದಿನ ತಿರುಪು ಬಿಗಿಯೂದು ನೋಡಿದ್ರ, ನೊಗ ಇಟ್ಟು ಜತ್ತಿಗಿ ಕಟ್ಟಿದಂಗ ಕಾಣ್ತದ. ನೊಗನ ಇರ್ಲಿ.

ಹಳೇಕಡಲು

ಕರಾವಳಿಯವರ ಹತ್ರ ಯಾರೂ ಕೇಳುದಿಲ್ಲ. ದೋಣಿಗೆ ಎತ್ತೂ ಬರುದಿಲ್ಲ, ಕುದುರೆಯೂ ಬರುದಿಲ್ಲ.

ಪರ್ತ್_ಪದ್ಮ (ಆಸ್ಟ್ರೇಲಿಯಾ)

ತಡವಾಗಿ ಬಂದೆ. ಇಲ್ಲಿ ಎರಡೂ ಕಡೆ ಮಾತು ಕಲೆತುಹೋಗಿದೆ. ಯೋಕ್ ಅಂದ್ರೂ ನಡೆಯುತ್ತೆ, ಎ-ಕ್ಲ್ಯಾಂಪ್ ಅಂದ್ರೂ ನಡೆಯುತ್ತೆ. ಎಸ್‌ಪಿಜಿ ಅನ್ನೋರೂ ಇದ್ದಾರೆ, ಕಂಟೆಂಟ್ಸ್ ಗೇಜ್ ಅನ್ನೋರೂ. ಆದ್ರೆ ನನ್ನನ್ನ ಬೀಳಿಸಿದ್ದು "ಆಕಿ". ದೋಣಿಯಲ್ಲಿ ಒಬ್ಬ ಅಜ್ಜ ನನ್ನ ಎದೆ ಕಡೆ ಬೊಟ್ಟು ಮಾಡಿ "ವೇರ್ಸ್ ಯುವರ್ ಆಕಿ?" ಅಂದ. ನನಗೆ ಹಾಕಿ ಅಂತ ಕೇಳ್ತು. ನಾನು ಕ್ರಿಕೆಟ್ ನೋಡ್ತೀನಿ ಅಂದೆ.

ಅವನು ಕೇಳಿದ್ದು ಆಕ್ಟೋಪಸ್. ಜೊತೆಗಾರನ ಗಾಳಿ ಮುಗಿದ್ರೆ ಕೊಡೋಕೆ ಇಟ್ಕೊಳ್ಳೋ ಎರಡನೇ ಬಾಯಿ. ಸಾಮಾನ್ಯವಾಗಿ ಹಳದಿ ಬಣ್ಣದ್ದು. ಇಲ್ಲಿ ಆಕಿ, ಬೇರೆ ಕಡೆ ಆಕ್ಟೋ, ಅಮೆರಿಕದ ಪುಸ್ತಕಗಳಲ್ಲಿ ಆಲ್ಟರ್ನೇಟ್ ಏರ್ ಸೋರ್ಸ್.

ಹಳೇಕಡಲು

ನಮ್ಮಲ್ಲಿ ಪೇಟೆಯಿಂದ ಬಂದವರು ನೀರಿಗೆ ಇಳಿಯುವ ಮೊದಲು "ಆಕ್ಟೋಪಸ್ ಇದೆಯಾ?" ಅಂತ ಕೇಳಿದ್ರೆ ಅರ್ಧ ಜನ ಹೆದರ್ತಾರೆ, ಅರ್ಧ ಜನ ಕ್ಯಾಮೆರಾ ತೆಗೀತಾರೆ.

ಮ್ಯೂನಿಕ್_ಮೈಸೂರು

ಹೋಸ್ ವಿಷಯ ಬಂತಲ್ಲ, ನಿಜವಾಗಿ ತಲೆಕೆಡಿಸೋದು ಅಲ್ಲೇ. ಟ್ಯಾಂಕಿನ ಗಾಳಿ 200 ಬಾರ್. ಫಸ್ಟ್ ಸ್ಟೇಜ್ ಅದನ್ನ ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9-10 ಬಾರ್ ಹೆಚ್ಚಿಗೆ ಇಳಿಸುತ್ತೆ. ಆ ಗಾಳಿ ಹರಿಯೋ ಹೋಸಿಗೆ ಅಮೆರಿಕ, ಬ್ರಿಟನ್, ಭಾರತದಲ್ಲಿ "ಲೋ ಪ್ರೆಶರ್". ಇಲ್ಲಿ ಜರ್ಮನ್ನರು ಅದನ್ನ ಮಿಟೆಲ್‌ಡ್ರುಕ್ ಅಂತಾರೆ, ಅಂದ್ರೆ ಮಧ್ಯಮ ಒತ್ತಡ. ಫ್ರೆಂಚರದ್ದೂ ಹಾಗೇ, ಮುವಾಯೆನ್ ಪ್ರೆಸ್ಯೋಂ. ಅವರ ವಾದ ಏನಂದ್ರೆ, ಕಡಿಮೆ ಒತ್ತಡ ಅನ್ನೋದು ಬಾಯಿಗೆ ಬಂದು ತಲುಪಿದ ಮೇಲೆ. ನಡುವೆ ಇರೋದು ನಡುವಿನದ್ದೇ.

ನಾನು ಬಂದ ಹೊಸದರಲ್ಲಿ ಅಂಗಡಿಗೆ ಹೋಗಿ ಲೋ ಪ್ರೆಶರ್ ಹೋಸ್ ಅನ್ನೋದನ್ನ ಪದಕ್ಕೆ ಪದ ಜರ್ಮನ್‌ಗೆ ತಂದು ಕೇಳಿದೆ. ಅಂಗಡಿಯಾತ ಅರ್ಧ ನಿಮಿಷ ನನ್ನನ್ನೇ ನೋಡಿದ. ನನ್ನ ಪ್ರಕಾರ ಜರ್ಮನ್ನರದ್ದೇ ಸರಿ. ಎಂಜಿನಿಯರಿಂಗ್ ಪುಸ್ತಕದಲ್ಲೂ ಅಮೆರಿಕದವರೇ ಇಂಟರ್‌ಮೀಡಿಯೆಟ್ ಪ್ರೆಶರ್ ಅಂತ ಬರೀತಾರೆ, ಹೋಸಿನ ಹೆಸರಿಗೆ ಬಂದಾಗ ಮಾತ್ರ ಲೋ ಆಗಿಬಿಡುತ್ತೆ.

ಲೆಸ್ಟರ್_ರಾಯರು

ಒಪ್ಪಿದೆ. ಆದರೆ ಇನ್ನು ಬದಲಾಗದು.

ಅರ್ಧ_ಮುಳುಗಿದವಳು

ಒಂದು ಯೋಚನೆ ಬಂತು. ನಾವು ಪೆಟ್ರೋಲ್ ಅಂತೀವಿ, ಗ್ಯಾಸೋಲಿನ್ ಅನ್ನಲ್ಲ. ಬಾನೆಟ್, ಲಿಫ್ಟ್, ಫುಟ್‌ಪಾತ್ ಎಲ್ಲ ಬ್ರಿಟಿಷರದ್ದು. ಡೈವಿಂಗ್‌ಗೆ ಬಂದ್ರೆ ಮಾತ್ರ ಟ್ಯಾಂಕ್, ಯೋಕ್, ಎಸ್‌ಪಿಜಿ. ಎಲ್ಲ ಅಮೆರಿಕದ್ದು. ಇದು ಹೇಗೆ?

ಪರ್ತ್_ಪದ್ಮ

ಯಾರ ಹತ್ರ ಕಲಿತೆವೋ ಅವರ ಮಾತು. ಬ್ರಿಟಿಷ್ ಸಬ್-ಆಕ್ವಾ ಕ್ಲಬ್ ಶುರುವಾಗಿದ್ದು 1953ರಲ್ಲಿ, ಬ್ರಿಟನ್ನಿನವರು ಆ ಪುಸ್ತಕ ಓದಿ ಬೆಳೆದ್ರು. ಡೈವಿಂಗ್ ಕಲಿಸೋ ಅಮೆರಿಕದ ಸಂಸ್ಥೆ ಪ್ಯಾಡಿ ಹುಟ್ಟಿದ್ದು 1966ರಲ್ಲಿ. ಅಂಡಮಾನ್, ಗೋವಾ, ಮುರುಡೇಶ್ವರ ಎಲ್ಲಾದ್ರೂ ನೋಡಿ, ಪ್ರವಾಸಿಗರಿಗೆ ಕಲಿಸೋದು ಹೆಚ್ಚಾಗಿ ಪ್ಯಾಡಿ ಅಥವಾ ಎಸ್ಎಸ್ಐ ಪಾಠ. ನಮ್ಮ ಊರಿಗೆ ಡೈವಿಂಗ್ ಬಂದಿದ್ದೇ ಆ ಪುಸ್ತಕದ ಬೆನ್ನೇರಿ.

ಆದ್ರೆ ಅರ್ಧ ಮಾತ್ರ ಅಮೆರಿಕ. ಗೇಜ್ ನೋಡಿ, ಅಲ್ಲಿರೋದು ಬಾರ್. ಅಮೆರಿಕದವರು ಪಿಎಸ್‌ಐ ಹೇಳ್ತಾರೆ. ಹೆಸರು ಅಲ್ಲಿಂದ, ಅಂಕಿ ಯುರೋಪಿನಿಂದ. ಮಾಮೂಲಿ ಅಲ್ಯೂಮಿನಿಯಂ ಟ್ಯಾಂಕಿಗೆ ಅಮೆರಿಕದವರು "80" ಅಂತಾರೆ, ತುಂಬೋ ಗಾಳಿಯ ಘನ ಅಡಿ ಲೆಕ್ಕ. ಅದೇ ಟ್ಯಾಂಕ್ ಯುರೋಪಿನವರ ಬಾಯಲ್ಲಿ 11 ಲೀಟರ್, ಟ್ಯಾಂಕಿನ ಒಳಜಾಗದ ಲೆಕ್ಕ. 3000 ಪಿಎಸ್‌ಐ ಅಂದ್ರೆ 207 ಬಾರ್.

ಇಲ್ಲೊಂದು ಹುಷಾರು. "ಐವತ್ತು ಬಾರ್ ಉಳಿದಿರುವಾಗಲೇ ನೀರಿನ ಮೇಲೆ ಬಂದಿರಬೇಕು" ಅಂತ ನಮಗೆ ಕಲಿಸಿದ್ದು. ಅಮೆರಿಕದವರಿಗೆ 500 ಪಿಎಸ್‌ಐ. ಎರಡೂ ಒಂದೇ ಅಂದ್ಕೊಂಡವರನ್ನ ನೋಡಿದ್ದೀನಿ. ಐವತ್ತು ಬಾರ್ ಅಂದ್ರೆ 725 ಪಿಎಸ್‌ಐ, 500 ಪಿಎಸ್‌ಐ ಅಂದ್ರೆ ಬರೀ 34 ಬಾರ್ ಚಿಲ್ರೆ.

ಇಂಟ್_ಮೇನ್

ಕೆ-ವಾಲ್ವ್, ಜೆ-ವಾಲ್ವ್, ಎಚ್-ವಾಲ್ವ್, ವೈ-ವಾಲ್ವ್ ಅಂತನೂ ಓದಿದೆ. ಎಲ್ಲ ಆಕಾರದ ಮೇಲಾ?

ಲೆಸ್ಟರ್_ರಾಯರು

ಎಚ್ ಮತ್ತು ವೈ ಹೌದು, ಎರಡು ಬಾಯಿಯ ವಾಲ್ವುಗಳು, ಆಕಾರವೇ ಹೆಸರು. ಕೆ ಮತ್ತು ಜೆ ಅಲ್ಲ. ಯು.ಎಸ್. ಡೈವರ್ಸ್ ಕಂಪನಿಯ ಹಳೆಯ ಕ್ಯಾಟಲಾಗಿನಲ್ಲಿ ಆ ಸಾಮಾನುಗಳ ಮುಂದಿದ್ದ ಅಕ್ಷರಗಳವು, ಹಾಗೇ ಉಳಿದುಬಿಟ್ಟವು. ಕೆ ಎಂದರೆ ಬರೀ ತೆರೆ-ಮುಚ್ಚು. ಜೆ ಎಂದರೆ ಒಳಗೆ ಸ್ಪ್ರಿಂಗ್ ಇರುವುದು. ಗೇಜ್ ಇಲ್ಲದ ಕಾಲದಲ್ಲಿ ಗಾಳಿ ತಳ ಕಾಣುವಾಗ ಉಸಿರು ಬಿಗಿಯಾಗುತ್ತಿತ್ತು, ಆಗ ಬೆನ್ನ ಹಿಂದಿನ ಸರಳು ಎಳೆದರೆ ಉಳಿದ ಗಾಳಿ ಬಿಡುತ್ತಿತ್ತು. ನಮ್ಮ ಹಳೆಯ ಸ್ಕೂಟರಿನ ಪೆಟ್ರೋಲ್ ನಾಬನ್ನು "ರಿಸರ್ವ್"ಗೆ ತಿರುಗಿಸಿದಂತೆ. ಸರಳು ಮೊದಲೇ ಯಾವುದಕ್ಕೋ ತಾಗಿ ಇಳಿದಿದ್ದರೆ ಮಾತ್ರ ರಿಸರ್ವೂ ಇಲ್ಲ, ಏನೂ ಇಲ್ಲ.

ಮ್ಯೂನಿಕ್_ಮೈಸೂರು

ಇಲ್ಲಿ ವಾಲ್ಶೆನ್‌ಸೀ ಅಂತ ಒಂದು ಸರೋವರ ಇದೆ, ಆಳದಲ್ಲಿ ನೀರು ಕೊರೆಯುತ್ತೆ. ಅಂಥ ಕಡೆ ರೆಗ್ಯುಲೇಟರ್ ಹಿಮಗಟ್ಟಿ ಗಾಳಿ ಸುರಿಯೋಕೆ ಶುರು ಮಾಡ್ಬಹುದು ಅಂತ ಎರಡು ಬಾಯಿ ವಾಲ್ವ್, ಎರಡು ಫಸ್ಟ್ ಸ್ಟೇಜ್ ಇಟ್ಕೋತಾರೆ. ಜರ್ಮನ್ನರು ಡಿನ್‌ಗೆ ಅಂಟಿಕೊಂಡಿರೋದು ಬರೀ ದೇಶಾಭಿಮಾನ ಅಲ್ಲ. ಡಿನ್‌ನಲ್ಲಿ ಓ-ರಿಂಗ್ ನಿಮ್ಮ ರೆಗ್ಯುಲೇಟರಿನ ತುದಿಯಲ್ಲಿ, ಥ್ರೆಡ್ಡಿನ ಒಳಗೆ ಬಂದಿ. ಯೋಕ್‌ನಲ್ಲಿ ಅದು ಟ್ಯಾಂಕಿನ ಮುಖದ ಮೇಲೆ ಇರುತ್ತೆ, ಅಂದ್ರೆ ದೋಣಿಯವರದ್ದು. ಎಷ್ಟು ಜನ ಬಳಸಿದ್ದಾರೋ, ಎಷ್ಟು ಬಿಸಿಲು ತಿಂದಿದೆಯೋ ದೇವರೇ ಬಲ್ಲ.

ಹಳೇಕಡಲು

ನಮ್ಮ ವಾಶರ್ ಬಗ್ಗೆ ಮಾತು ಬೇಡ. ಪ್ರತಿ ಟ್ರಿಪ್ಪಿಗೆ ಒಂದು ಡಬ್ಬಿ ಹೊಸದು ಇಟ್ಕೊಂಡೇ ಹೋಗುದು.

ಮ್ಯೂನಿಕ್_ಮೈಸೂರು

ನಿಮ್ಮ ಬಗ್ಗೆ ಹೇಳಿದ್ದಲ್ಲ ಸರ್, ತಪ್ಪು ತಿಳೀಬೇಡಿ. ಇಡೀ ಲೋಕದ ಬಗ್ಗೆ.

ಇನ್ನೊಂದು ಥ್ರೆಡ್ ಹೇಳಿಬಿಡ್ತೀನಿ. ಯುರೋಪಿನಲ್ಲಿ ನೈಟ್ರಾಕ್ಸ್ ಸಿಲಿಂಡರಿಗೆ ಎಂ26 ಅಂತ ಬೇರೆ ಇದೆ. ಆಮ್ಲಜನಕ ಹೆಚ್ಚಿರೋ ಗಾಳಿಗೆ ಮಾಮೂಲಿ ರೆಗ್ಯುಲೇಟರ್ ಕೂರಬಾರದು ಅಂತ. ಎಂ26 ಅಂತ ಬರೆದಿರೋ ಸೆಕೆಂಡ್ ಹ್ಯಾಂಡ್ ಅಗ್ಗಕ್ಕೆ ಸಿಕ್ತು ಅಂತ ತಗೊಂಡ್ರೆ ಭಾರತದಲ್ಲಿ ಟ್ಯಾಂಕ್ ಹುಡುಕಿ ಸುಸ್ತಾಗ್ತೀರಿ.

ಪೀಣ್ಯ_ಲೇಥ್

ಹೆಸರಿನ ಚ್ಯಾಷ್ಟಿ ಸಾಕು, ಒಂದು ಗಂಭೀರ ಮಾತು ಬರೀಲೇಬೇಕು. ಇದುವರೆಗೂ ಹೇಳಿದ್ದೆಲ್ಲ ತಪ್ಪಾದ್ರ ಕೂಡೂದಿಲ್ಲ, ಇಲ್ಲ ಬುಸ್ ಅಂತದ, ಅಷ್ಟ. ಆದ್ರ ಟ್ಯಾಂಕಿನ ಕುತ್ತಿಗಿಗೆ ವಾಲ್ವ್ ಹಾಕ್ತಾರಲ್ಲ, ಅಲ್ಲಿ ಹಂಗಲ್ಲ. ಅಮೆರಿಕದ ಟ್ಯಾಂಕಿಗೆ ಮುಕ್ಕಾಲು ಇಂಚಿನ ಎನ್‌ಪಿಎಸ್‌ಎಂ ಥ್ರೆಡ್, ಯುರೋಪಿನದ್ದಕ್ಕ ಎಂ25. ಅಡ್ಡಳತಿ ಒಂದೂವರೆ ಮಿ.ಮೀ. ಆಸುಪಾಸು ಫರಕು. ಪಿಚ್, ಅಂದ್ರ ಹಲ್ಲಿನಿಂದ ಹಲ್ಲಿಗೆ ಅಂತರ, ಒಂದರದ್ದು 1.8 ಮಿ.ಮೀ., ಇನ್ನೊಂದರದ್ದು 2. ಅಮೆರಿಕದ ಟ್ಯಾಂಕಿಗೆ ಎಂ25 ವಾಲ್ವ್ ತಿರುವಿದ್ರ ಮೊದಲ ಕೆಲವು ಸುತ್ತು ಒಳಗ ಹೋಗ್ತದ! ಕೈಗೆ "ಆತು, ಕೂಡ್ತು" ಅನಸ್ತದ. ಹಲ್ಲು ತುದಿಗಷ್ಟ ಹಿಡದಿರ್ತದ. 200 ಬಾರ್ ತುಂಬೋ ಹೊತ್ತಿಗೆ ಆ ವಾಲ್ವ್ ಗುಂಡಿನಂಗ ಹಾರ್ತದ. ಹೊರದೇಶದಾಗ ಇದರಿಂದ ಅನಾಹುತ ಆಗ್ಯಾವ.

ಹಳೇ ಟ್ಯಾಂಕ್ ತೊಗೊಂಡು ಬ್ಯಾರೆ ವಾಲ್ವ್ ಹಾಕಿಸೋರು ಟ್ಯಾಂಕಿನ ಭುಜದ ಮ್ಯಾಲ, ವಾಲ್ವಿನ ಮ್ಯಾಲ ಕೊರೆದಿದ್ದು ಓದ್ರಿ. ಎರಡೂ ಒಂದ ಇರಬೇಕು. ನನ್ನ ಹತ್ರ ಬಂದು "ಸ್ವಲ್ಪ ಟ್ಯಾಪ್ ಹೊಡೆದು ಕೂಡಿಸಿಬಿಡಣ್ಣಾ" ಅಂದಾವನ್ನ ಶೆಡ್ಡಿನಿಂದ ಹೊರಗ ಕಳಿಸೀನಿ.

ನಿರ್ವಾಹಕ

ಪೀಣ್ಯ_ಲೇಥ್ ಅವರ ಈ ಉತ್ತರವನ್ನು ಮೇಲಕ್ಕೆ ಅಂಟಿಸಿದ್ದೇನೆ. "ನಾನು ಹಾಕಿಕೊಂಡಿದ್ದೇನೆ, ಏನೂ ಆಗಿಲ್ಲ" ಎಂದು ಬಂದ ಎರಡು ಉತ್ತರಗಳನ್ನು ತೆಗೆದಿದ್ದೇನೆ. ನೊಗ-ರಿಕಾಪು ಜಗಳ ಮುಂದುವರಿಸುವವರು ಪದಚರ್ಚೆ ವಿಭಾಗಕ್ಕೆ ಹೋಗಿ.

ಅರ್ಧ_ಮುಳುಗಿದವಳು

ಹತ್ತು ದಿನದ ನಂತರ ಬರೀತಿದೀನಿ. ಬಿಲ್ಲೆ ವಾಪಸ್ ತಗೊಂಡ್ರು. ಈ ಸಲ ಹೆಸರು ಹೇಳಲೇ ಇಲ್ಲ. "ಜಿ 5/8 ಹೊರಥ್ರೆಡ್ ಇರೋ ರೆಗ್ಯುಲೇಟರನ್ನ ಗುಬಟಿ ಬಿಗಿಯೋ ವಾಲ್ವಿಗೆ ಹಾಕಬೇಕು, ಟ್ಯಾಂಕ್ 200 ಬಾರ್" ಅಂತ ಬರೆದು, ಎರಡು ಫೋಟೋ ಹಾಕಿ ಕಳಿಸಿದೆ. ಅವರ ಉತ್ತರ: "ಓ, ಡಿನ್ ಅಡಾಪ್ಟರಾ ಮೇಡಂ?"

ಬಂತು, ಕೂತಿದೆ. ಸೋಪಿನ ನೊರೆ ಹಚ್ಚಿ ನೋಡಿದೆ, ಗುಳ್ಳೆ ಇಲ್ಲ. ಒಂದೇ ತಕರಾರು, ಫಸ್ಟ್ ಸ್ಟೇಜ್ ಈಗ ಹಿಂದಕ್ಕೆ ಅಷ್ಟುದ್ದ ಚಾಚಿದೆ.

ಲೆಸ್ಟರ್_ರಾಯರು

ತಲೆ ಹಿಂದಕ್ಕೆ ಎತ್ತಿದಾಗ ಹಿಂದಲೆಗೆ ಬಡಿಯುತ್ತದೆ. ಟ್ಯಾಂಕನ್ನು ಪಟ್ಟಿಯಲ್ಲಿ ಎರಡು ಬೆರಳು ಕೆಳಗಿಳಿಸಿ ಕಟ್ಟಿಕೊ. ಮುಂದೆ ಯಾವಾಗಲಾದರೂ ಸರ್ವಿಸಿಗೆ ಕೊಡುವಾಗ ಆ ಮೂತಿಯನ್ನೇ ಬದಲಿಸಿ ಯೋಕ್ ಹಾಕಿಸಿಕೊಳ್ಳಬಹುದು. ಬಹಳಷ್ಟು ಮಾದರಿಗಳಿಗೆ ಆ ಭಾಗ ಬಿಡಿಯಾಗಿ ಸಿಗುತ್ತದೆ.

ಹಳೇಕಡಲು

ಬನ್ನಿ ಮೇಡಂ. ಮಳೆಗಾಲ ಕಳೆದು ಕಡಲು ತಿಳಿ ಆಗಲಿ. ಗುಬಟಿ ಇದ್ದ ಟ್ಯಾಂಕೇ ತೆಗೆದಿಡ್ತೇನೆ.

ಪೀಣ್ಯ_ಲೇಥ್

ಗುಬಟಿ ಟ್ಯಾಂಕಿಗೆ ಇರೂದಿಲ್ರಿ, ರೆಗ್ಯುಲೇಟರಿಗೆ ಇರ್ತದ.

ಹಳೇಕಡಲು

ನೀವು ಒಮ್ಮೆ ನೀರಿಗೆ ಇಳೀರಿ, ಆಮೇಲೆ ಮಾತಾಡುವ.